ಓಡುವ ದನಿಯನ್ನು ಹಿಡಿಯುವ ಕಿವಿ

ಪ್ರಶ್ನೆ: ಕಂಪ್ಯೂಟರಿನ ಅತಿವೇಗದ ಮಾತು ಅಂಧರಿಗೆ ಅರ್ಥವಾಗುವುದು ಹೇಗೆ?

ಉತ್ತರ: ಪರದೆಯ ಬರಹವನ್ನು ಓದಿಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶವನ್ನು ದಿನವಿಡೀ ಬಳಸುವವರು ಅದರ ವೇಗವನ್ನು ಸ್ವಲ್ಪಸ್ವಲ್ಪವೇ ಏರಿಸಿಕೊಳ್ಳುವುದರಿಂದ, ಹೊಸಬರಿಗೆ ಬರೀ ಗುಂಯ್‌ಗುಡುವ ದನಿಯಲ್ಲಿ ಅವರಿಗೆ ಪದಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ. ಸಾಮಾನ್ಯ ಮಾತಿನಲ್ಲಿ ಸೆಕೆಂಡಿಗೆ ಸುಮಾರು 4ರಿಂದ 8 ಉಚ್ಚಾರಾಂಶಗಳಿದ್ದರೆ (‘ಕನ್ನಡ’ ಎಂಬಲ್ಲಿ ಇವು ಮೂರು), ಜರ್ಮನಿಯಲ್ಲಿ ನಡೆದ ಪ್ರಯೋಗಗಳಲ್ಲಿ ನುರಿತ ಅಂಧ ಕೇಳುಗರು ಸುಮಾರು 22ರವರೆಗೂ ಗ್ರಹಿಸಿದ್ದು, ಆಗ ಅವರ ಮಿದುಳಿನ ದೃಷ್ಟಿಭಾಗವೂ ಚುರುಕಾಗಿದ್ದುದು ಕಂಡುಬಂದಿದೆ. ಸೋಜಿಗವೆಂದರೆ, ಮನುಷ್ಯಸಹಜವಾದ ಇಂಪು ದನಿಗಿಂತ ಇ-ಸ್ಪೀಕ್‌ನಂಥ ಒರಟು ಯಂತ್ರದನಿಯೇ ಹಲವರಿಗೆ ಮೆಚ್ಚು. ಬಾಯಿಯೊಳಗಿನ ಅನುರಣನವನ್ನು ಲೆಕ್ಕಾಚಾರದಿಂದ ಮರುಸೃಷ್ಟಿಸುವ, ಇಂಥ ಯಂತ್ರದನಿಯ ಹಿಂದಿರುವ ಫಾರ್ಮೆಂಟ್ ವಿಧಾನವು ಪ್ರತಿ ಧ್ವನಿಯನ್ನೂ ಪ್ರತಿಸಲ ಹೆಚ್ಚುಕಡಿಮೆ ಒಂದೇ ರೀತಿ ನುಡಿಸುವುದರಿಂದ ವೇಗ ಹೆಚ್ಚಿದರೂ ಅಕ್ಷರಗಳು ಕಲಸಿಹೋಗುವುದಿಲ್ಲ. ಆದರೂ ಸಂದರ್ಭದಿಂದ ಊಹಿಸಲಾಗದ ಬ್ಯಾಂಕ್ ಖಾತೆಯ ಸಂಖ್ಯೆ ಬಂದಾಗ ಇದೇ ಕೇಳುಗರು ಬಾಣದ ಕೀಲಿಯೊತ್ತಿ ಒಂದೊಂದೇ ಅಂಕಿಯನ್ನು ಕೇಳಿಸಿಕೊಳ್ಳುತ್ತಾರೆ.