ಗುಜರಿಗೆ ಹೊರಟಿದ್ದ ಗಣಕಯಂತ್ರ

ಖಾನಾಪುರ ತಾಲೂಕಿನ ನಮ್ಮ ಧರ್ಮಕೇಂದ್ರದ ಕಚೇರಿಯಲ್ಲಿ ನೂರು ವರ್ಷಗಳಿಗೂ ಹಳೆಯದಾದ ದೀಕ್ಷಾಸ್ನಾನದ ದಾಖಲೆ ಪುಸ್ತಕವೊಂದಿದೆ. ಹಾಳೆಗಳು ಹಳದಿಯಾಗಿವೆ, ಅಂಚುಗಳನ್ನು ಗೆದ್ದಲು ತಿಂದಿದೆ. ಆದರೂ ಯಾರಾದರೂ ತಮ್ಮ ಮುತ್ತಜ್ಜನ ಹೆಸರನ್ನು ಅರಸಿ ಬಂದರೆ, ಕಿಟಕಿಯ ಬೆಳಕಿನಲ್ಲಿ ಪುಸ್ತಕವನ್ನು ಬಿಡಿಸಿ ಕೆಲವೇ ನಿಮಿಷಗಳಲ್ಲಿ ಹುಡುಕಿಕೊಡಬಲ್ಲೆ. ಅದೇ ಕಪಾಟಿನ ಕೆಳಗಿನ ಅರೆಯಲ್ಲಿ 1990ರ ದಶಕದ ಒಂದು ಪೆಟ್ಟಿಗೆ ಫ್ಲಾಪಿಗಳಿದ್ದವು. ಅವು ಆ ಪುಸ್ತಕಕ್ಕಿಂತ ಎಷ್ಟೋ ಚಿಕ್ಕ ವಯಸ್ಸಿನವು. ಆದರೆ ಅವುಗಳಲ್ಲಿ ಏನಿದೆಯೆಂದು ಓದಿ ಹೇಳುವ ಶಕ್ತಿ ನನಗಿರಲಿಲ್ಲ.

ಕಳೆದ ವರ್ಷ ಉಗ್ರಾಣಕ್ಕೆ ಸುಣ್ಣ ಬಳಿಸುವಾಗ, ಅಲ್ಲಿ ಮೂಲೆಗುಂಪಾಗಿದ್ದ ಹಳೆಯ ಗಣಕಯಂತ್ರವನ್ನು ಗುಜರಿಗೆ ಕೊಡುವುದೆಂದು ತೀರ್ಮಾನವಾಯಿತು. ಆ ಸುದ್ದಿ ಕೇಳಿ ನಮ್ಮ ದಿವಂಗತ ಉಪದೇಶಿಯವರ ಪತ್ನಿ ಕಚೇರಿಗೆ ಬಂದರು. “ಫಾದರ್, ನಮ್ಮ ಮನಿಯವರು ಕಟ್ಟಿದ ಹಾಡು ಎಲ್ಲಾ ಅದರಾಗ ಅದಾವ್ರಿ. ಬರೆದ ವಹಿ ಮಳ್ಯಾಗ ತೊಯ್ದು ಹೋತು. ಅದನ್ನ ಕೊಡಬ್ಯಾಡ್ರಿ” ಎಂದರು. ಆಗಿನ ಧರ್ಮಗುರುಗಳು ಉಪದೇಶಿಯವರ ಕನ್ನಡ ಹಾಡುಗಳನ್ನು ಆ ಯಂತ್ರದಲ್ಲಿ ಬೆರಳಚ್ಚು ಮಾಡಿಸಿ ಫ್ಲಾಪಿಗಳಲ್ಲಿ ಇರಿಸಿದ್ದರಂತೆ. ಈ ವಿಷಯ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ.

ಬೆಳಗಾವಿಯಲ್ಲಿ ಹಳೆಯ ಗಣಕಯಂತ್ರಗಳನ್ನು ದುರಸ್ತಿ ಮಾಡುವ ಹವ್ಯಾಸವುಳ್ಳ ಯುವಕನೊಬ್ಬನಿದ್ದಾನೆ. ವಾರವಿಡೀ ಉದ್ಯೋಗ, ಭಾನುವಾರ ಪೂಜೆಯ ಬಳಿಕ ಬೆಸುಗೆ ಕಡ್ಡಿ ಹಿಡಿದು ಕೂರುವುದು ಅವನ ಪರಿಪಾಠ. ಯಂತ್ರವನ್ನೂ ಫ್ಲಾಪಿಗಳನ್ನೂ ಅವನಲ್ಲಿಗೆ ಒಯ್ದೆ. ನಾನು ಕೂಡಲೇ ವಿದ್ಯುತ್ ಸಂಪರ್ಕ ಕೊಡಲು ಹೋದಾಗ ಅವನು ನನ್ನ ಕೈ ತಡೆದ. ಮೊದಲು ಮುಚ್ಚಳ ತೆಗೆದು ತೋರಿಸಿದ. ಅದು 486 ಮಾದರಿಯ ಯಂತ್ರ. ಇಂಟೆಲ್ ಕಂಪನಿ ಆ ಸಂಸ್ಕಾರಕವನ್ನು 1989ರಲ್ಲಿ ಹೊರತಂದಿತ್ತು. ಒಳಗಿನ ಮುಖ್ಯ ಫಲಕದ ಮೇಲೆ ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿಯೊಂದು ಒಡೆದು, ಅದರ ಕ್ಷಾರದ್ರವ ಸುತ್ತಲಿನ ತಾಮ್ರದ ಗೆರೆಗಳನ್ನು ಹಸಿರು ಹಿಡಿಸಿ ತಿಂದಿತ್ತು. ಆ ಕಾಲದ ಯಂತ್ರಗಳಿಗೆ ಇದು ಸಾಮಾನ್ಯ ರೋಗವಂತೆ. ಅವನು ಬ್ಯಾಟರಿಯನ್ನು ಕತ್ತರಿಸಿ ತೆಗೆದ, ಕ್ಷಾರದ ಪ್ರಭಾವ ಅಳಿಯಲೆಂದು ವಿನೆಗರ್ ಹಚ್ಚಿ ಉಜ್ಜಿದ, ತೊಳೆದು ಒಣಗಿಸಿದ. ಅನಂತರ ತುಂಡಾದ ಗೆರೆಗಳನ್ನು ಕೂದಲೆಳೆಯಂಥ ತಂತಿಯಿಂದ ಒಂದೊಂದಾಗಿ ಬೆಸೆದ. ಇದಕ್ಕೆ ಮೂರು ಭಾನುವಾರಗಳು ಬೇಕಾದವು.

ನಾಲ್ಕನೆಯ ಭಾನುವಾರ ಪರದೆ ಬೆಳಗಿತು. ಆದರೆ ಯಂತ್ರಕ್ಕೆ ತನ್ನ ಹಾರ್ಡ್ ಡಿಸ್ಕಿನ ನೆನಪೇ ಇರಲಿಲ್ಲ. ಬ್ಯಾಟರಿ ಸತ್ತಾಗ ಅದರ ಅಳತೆಗಳ ಮಾಹಿತಿಯೂ ಅಳಿದುಹೋಗಿತ್ತು. ಡಿಸ್ಕಿನ ಮೇಲೆ ಅಂಟಿಸಿದ್ದ ಚೀಟಿಯ ಅಂಕಿಗಳನ್ನು ನಾನು ಓದಿ ಹೇಳಿದೆ, ಅವನು ಕೀಲಿಮಣೆಯಲ್ಲಿ ತುಂಬಿದ. ಆಗ ಯಂತ್ರ ಎಚ್ಚರಗೊಂಡಿತು.

ಇಷ್ಟೊಂದು ಶ್ರಮವೇಕೆ, ಫ್ಲಾಪಿಯೊಂದನ್ನೇ ಓದಿದರೆ ಸಾಲದೇ ಎಂದು ವಾಚಕರು ಕೇಳಬಹುದು. ನಾನೂ ಹಾಗೆಯೇ ಕೇಳಿದ್ದೆ. ಯುವಕ ಇಂದಿನ ಗಣಕಯಂತ್ರಕ್ಕೆ ಫ್ಲಾಪಿ ಓದುವ ಸಾಧನವನ್ನು ಜೋಡಿಸಿ ಒಂದು ಕಡತವನ್ನು ತೆರೆದ. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಂಡಿತು. ಕಾರಣ ಸರಳವಾದದ್ದು. ಇಂದು ನಾವು ಬಳಸುವ ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆಯಿದೆ. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅದು ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಅಲ್ಲಿಯವರೆಗೆ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ ಎರವಲು ಪಡೆದು ಅವುಗಳ ಸ್ಥಾನದಲ್ಲಿ ಕನ್ನಡದ ರೂಪಗಳನ್ನು ಕೂರಿಸುತ್ತಿದ್ದವು. ಒಂದು ಫಾಂಟಿನ ಏರ್ಪಾಡು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ನಮ್ಮ ಹಾಡುಗಳು ಫ್ಲಾಪಿಯಲ್ಲಿದ್ದವು, ಅವನ್ನು ಕನ್ನಡವಾಗಿಸುವ ಫಾಂಟು ಆ ಮುದಿ ಯಂತ್ರದ ಹೊಟ್ಟೆಯಲ್ಲಿತ್ತು.

ಗುರುಮಠದಲ್ಲಿ ಅರಿಸ್ಟಾಟಲನ ದ್ರವ್ಯ ಮತ್ತು ರೂಪಗಳ ವಿಚಾರವನ್ನು ಓದುವಾಗ, ರೂಪವು ದ್ರವ್ಯವನ್ನು ಆಶ್ರಯಿಸಿಯೇ ನಿಲ್ಲುತ್ತದೆ ಎಂಬ ಮಾತನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದೆ. ಅದರ ಅರ್ಥ ಆ ದಿನ ಕಣ್ಣಿಗೆ ಕಂಡಿತು. ಖಾನಾಪುರದ ಕುಂಬಾರರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮಡಕೆ ಒಡೆದ ಮೇಲೆ ಅದರ ಆಕಾರವನ್ನು ಬೇರೆಯಾಗಿ ಎತ್ತಿಡಲು ಬಾರದು.

ಇದು ನಮ್ಮ ಹಳ್ಳಿಯೊಂದರ ಕಥೆಯಲ್ಲ. ಇಂಗ್ಲೆಂಡಿನ ಅರಸ ವಿಲಿಯಂ 1086ರಲ್ಲಿ ತನ್ನ ರಾಜ್ಯದ ಭೂಮಿ-ಕಾಣಿಗಳ ಲೆಕ್ಕವನ್ನು ಬರೆಯಿಸಿದ. ಅದೇ ಡೂಮ್ಸ್‌ಡೇ ಪುಸ್ತಕ. ಅದರ 900ನೆಯ ವರ್ಷದ ನೆನಪಿಗೆ 1986ರಲ್ಲಿ ಬಿಬಿಸಿ ಸಂಸ್ಥೆಯು ಜನಜೀವನದ ಹೊಸ ದಾಖಲೆಯನ್ನು ಲೇಸರ್ ಡಿಸ್ಕುಗಳಲ್ಲಿ ತುಂಬಿಸಿತು. ಅದನ್ನು ಓದುವ ಗಣಕಯಂತ್ರ ಬಿಬಿಸಿ ಮಾಸ್ಟರ್. ಅದರ ಅಣ್ಣನಾದ ಬಿಬಿಸಿ ಮೈಕ್ರೋ, 1984ರಲ್ಲಿ ಆರಂಭವಾದ ಕ್ಲಾಸ್ ಯೋಜನೆಯಡಿ ನಮ್ಮ ದೇಶದ ಶಾಲೆಗಳಿಗೂ ಬಂದಿತ್ತು. ಆದರೆ ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಡಿಸ್ಕುಗಳನ್ನು ಓದುವ ಯಂತ್ರಗಳು ಅಪರೂಪವಾದವು. 2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ತಜ್ಞರು ಬಹಳ ಕಷ್ಟಪಟ್ಟು, ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದಿಂದ ಅದನ್ನು ಮತ್ತೆ ಓದುವಂತೆ ಮಾಡಿದರು. ಒಂಬತ್ತು ಶತಮಾನ ಹಳೆಯ ಚರ್ಮದ ಹಾಳೆಗಳನ್ನು ಮಾತ್ರ ಇಂದಿಗೂ ಕಣ್ಣಿದ್ದವರು ಓದಬಹುದು.

ನಮ್ಮ ಏಳು ಫ್ಲಾಪಿಗಳಲ್ಲಿ ಐದು ಓದಿಸಿಕೊಂಡವು. ಉಳಿದ ಎರಡಕ್ಕೆ ಖಾನಾಪುರದ ಮಳೆಗಾಲದ ಬೂಷ್ಟು ಹಿಡಿದಿತ್ತು. ಯುವಕ ಅವುಗಳ ಕವಚ ಬಿಚ್ಚಿ, ಒಳಗಿನ ತೆಳುಬಿಲ್ಲೆಗಳನ್ನು ಮದ್ಯಸಾರದಿಂದ ಒರೆಸಿ ನೋಡಿದ. ಕಾಂತಲೇಪವೇ ಕಿತ್ತುಬಂದಿತ್ತು. ದೊರೆತ ಹಾಡುಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ತಪ್ಪುಗಳನ್ನು ತಿದ್ದಿ, ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿದೆವು. ಪುಸ್ತಕವನ್ನು ಆ ತಾಯಿಯ ಕೈಗೆ ಕೊಟ್ಟಾಗ ಅವರು ಮೊದಲು ಹುಡುಕಿದ್ದು, ಮಗಳ ಮದುವೆಗೆಂದು ಪತಿ ಕಟ್ಟಿದ್ದ ಹಾಡನ್ನು. ಅದು ಹಾಳಾದ ಫ್ಲಾಪಿಯಲ್ಲಿತ್ತೆಂದು ತೋರುತ್ತದೆ, ಸಿಗಲಿಲ್ಲ. ಅವರು ಪುಸ್ತಕ ಮುಚ್ಚಿ ತುಸು ಹೊತ್ತು ಸುಮ್ಮನಿದ್ದರು. ಬಳಿಕ ನೆನಪಿದ್ದ ಎರಡು ಸಾಲುಗಳನ್ನು ಮೆಲ್ಲಗೆ ಹೇಳಿದರು. ನಾನು ಅವನ್ನು ಕೊನೆಯ ಪುಟದಲ್ಲಿ ಪೆನ್ನಿನಿಂದ ಬರೆದೆ. ಐದು ವರ್ಷ ಮುಂಚೆ ನಾವು ಆ ಪೆಟ್ಟಿಗೆಯನ್ನು ತೆರೆದಿದ್ದರೆ ಬಹುಶಃ ಇಡೀ ಹಾಡೇ ಉಳಿಯುತ್ತಿತ್ತು. ಈ ಅಲಕ್ಷ್ಯದಲ್ಲಿ ನನ್ನ ಪಾಲೂ ಇದೆ.

ಆದುದರಿಂದ ವಾಚಕರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಗಣಕಯಂತ್ರವಿದ್ದರೆ, ಗುಜರಿಗೆ ಕೊಡುವ ಮುನ್ನ ಅದರಲ್ಲಿ ಏನಿರಬಹುದೆಂದು ಮನೆಯ ಹಿರಿಯರನ್ನು ಕೇಳಿರಿ. ಕುತೂಹಲದಿಂದ ಕೂಡಲೇ ವಿದ್ಯುತ್ ಕೊಡಬೇಡಿರಿ, ಬಲ್ಲವರಿಂದ ಮೊದಲು ಒಳಗೆ ನೋಡಿಸಿರಿ. ಹಳೆಯ ಗಾಜಿನ ಪರದೆಯ ಪೆಟ್ಟಿಗೆಯನ್ನಂತೂ ಬಿಚ್ಚಲೇಬಾರದು, ಸಂಪರ್ಕ ಕಿತ್ತ ಮೇಲೂ ಅದರಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ದೊರೆತುದನ್ನು ಇಂದಿನ ರೂಪಕ್ಕೆ ತಂದು, ಮುಖ್ಯವಾದುದನ್ನು ಕಾಗದದ ಮೇಲೂ ಇಳಿಸಿರಿ. ಉಳಿದ ಭಾಗಗಳನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೇ ಒಪ್ಪಿಸಿರಿ.

ನಮ್ಮ ಯಂತ್ರ ಈಗ ಬೆಳಗಾವಿಯ ಆ ಯುವಕನ ಮೇಜಿನ ಮೇಲಿದೆ. ನೆರೆಯ ಧರ್ಮಕೇಂದ್ರವೊಂದರಿಂದ ಅವನಲ್ಲಿಗೆ ಇನ್ನೊಂದು ಪೆಟ್ಟಿಗೆ ಫ್ಲಾಪಿಗಳು ಬಂದಿವೆ. ಮಳೆಗಾಲಕ್ಕೆ ಮುಂಚೆ ಮುಗಿಸಬೇಕೆಂದು ಅವನು ಅವಸರಪಡುತ್ತಿದ್ದಾನೆ.