ನಿಂತ ಕ್ಯಾರವಾನಿಗೆ ಹಿಡಿದ ಕತ್ತಲು

ಚಿಕ್ಕಮಗಳೂರು: ಮನೆಯಲ್ಲಿ ಕರೆಂಟು ಕೆಟ್ಟರೆ ವೈರ್‌ಮನ್, ಜೀಪು ಸ್ಟಾರ್ಟ್ ಆಗದಿದ್ದರೆ ಆಟೋ ಎಲೆಕ್ಟ್ರಿಷಿಯನ್. ಮಲೆನಾಡಿನಲ್ಲಿ ಇದು ಎಂದೋ ತೀರ್ಮಾನವಾದ ಮಾತು. ಆದರೆ ಮನೆಯೇ ಚಕ್ರದ ಮೇಲೆ ಘಾಟಿ ಹತ್ತಿ ಬಂದು, ತೋಟದ ಕಾಫಿ ಕಣದಲ್ಲಿ ನಿಂತು, ರಾತ್ರಿ ಎಂಟಕ್ಕೆ ಕತ್ತಲಾಗಿ ಕೂತರೆ ಯಾರನ್ನು ಕರೆಯೋದು?

ಮುಳ್ಳಯ್ಯನಗಿರಿ ನೋಡಿ ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಹೊರಡುವ ಪ್ರವಾಸಿಗಳಲ್ಲಿ ಈಗ ಇಂಥ ಕ್ಯಾರವಾನಿನವರೂ ಇದ್ದಾರೆ. ಒಳಗೆ ಹಾಸಿಗೆ, ಒಲೆ, ಫ್ರಿಜ್ಜು, ಕೈ ತೊಳೆಯೋ ಬೇಸಿನ್ನು ಎಲ್ಲ ಉಂಟು. ಇದರ ಮರದ ಪ್ಯಾನೆಲ್ಲಿನ ಹಿಂದೆ ಎರಡು ಜಾತಿಯ ಕರೆಂಟು ಒಂದೇ ಸೂರಿನಡಿ ಸಂಸಾರ ಮಾಡುತ್ತವೆ. ದೀಪ, ಫ್ಯಾನು, ನೀರಿನ ಪಂಪು 12 ವೋಲ್ಟಿನವು. ಗೀಸರು, ಮಿಕ್ಸಿ 230 ವೋಲ್ಟಿನವು. ನಡುವೆ ದಲ್ಲಾಳಿಗಳಂತೆ ಒಂದು ಚಾರ್ಜರು, ಒಂದು ಇನ್ವರ್ಟರು.

ಕರೆಸಿದ ಆಟೋ ಎಲೆಕ್ಟ್ರಿಷಿಯನ್ ಸೆಲ್ಫ್ ಹೊಡೆದು ನೋಡಿ, "ಬ್ಯಾಟ್ರಿ ಗಟ್ಟಿ ಉಂಟು ಸಾರ್" ಅಂತಾನೆ. ಅವನು ನೋಡಿದ್ದು ಇಂಜಿನ್ನಿನ ಬ್ಯಾಟರಿ. ದೀಪಕ್ಕೆ ಕರೆಂಟು ಕೊಡುವ ಬ್ಯಾಟರಿ ಬೇರೆ, ಅದು ಸೀಟಿನ ಕೆಳಗೆಲ್ಲೋ ಅಡಗಿರುತ್ತೆ. ಆಮೇಲೆ ಬಂದ ವೈರ್‌ಮನ್ ಪ್ಲಗ್ಗಿಗೆ ಟೆಸ್ಟರ್ ಚುಚ್ಚಿ, "ನಮ್ಮ ಕರೆಂಟು ಬರ್ತಾ ಉಂಟಲ್ಲ ಮಾರಾಯ್ರೆ" ಅಂತ ಹೊರಡುತ್ತಾನೆ. ಇಬ್ಬರೂ ಸುಳ್ಳು ಹೇಳಲಿಲ್ಲ. ಕತ್ತಲು ಮಾತ್ರ ಇದ್ದಲ್ಲೇ ಇದೆ.

ಮೊದಲು ಹಿಡಿಯಬೇಕಾದ್ದು ಆ ಸೀಟಿನ ಕೆಳಗಿನ ಬ್ಯಾಟರಿಯನ್ನು. ಲೆಡ್ ಬ್ಯಾಟರಿಯಾದರೆ ಚಾರ್ಜರು ಬಿಚ್ಚಿ, ದೀಪ ಆರಿಸಿ, ಕೆಲವು ಗಂಟೆ ಬಿಟ್ಟು ಮೀಟರು ಹಿಡಿಯಬೇಕು. 12.6 ವೋಲ್ಟು ತೋರಿಸಿದರೆ ತುಂಬಿದೆ, 12.2ಕ್ಕೆ ಬಂದರೆ ಹೆಚ್ಚುಕಮ್ಮಿ ಅರ್ಧ, 12ಕ್ಕಿಂತ ಕೆಳಗಿಳಿದರೆ ಬರಿದಾಗುತ್ತಾ ಬಂದಿದೆ. ಚಾರ್ಜರು ಹಾಕಿದ ಮೇಲೆ ಅದೇ ಮೀಟರು ಹದಿಮೂರೂವರೆ ದಾಟದಿದ್ದರೆ ಚಾರ್ಜರು ಇಲ್ಲವೇ ಅದರ ದಾರಿಯ ವೈರು ಕೈಕೊಟ್ಟಿದೆ. ಲಿಥಿಯಂ ಬ್ಯಾಟರಿಗೆ ಈ ಲೆಕ್ಕ ನಡೆಯದು. ಅದು ಖಾಲಿಯಾಗುವ ತನಕ ಒಂದೇ ಮುಖ ತೋರಿಸುತ್ತೆ.

ಆಫ್ ಮಾಡಿ ನಿಲ್ಲಿಸಿದ್ದು ತಾನಾಗಿ ಹೇಗೆ ಖಾಲಿಯಾಯಿತು? ಸಣ್ಣ ಗುಮ್ಮಗಳು ಇರುತ್ತವೆ: ಸ್ಟ್ಯಾಂಡ್‌ಬೈನಲ್ಲಿರೋ ಇನ್ವರ್ಟರು, ಅಲಾರಂ, ರೇಡಿಯೋ. ಎಲ್ಲ ಸೇರಿ ಅರ್ಧ ಆಂಪಿಯರ್ ಎಳೆದರೂ ದಿನಕ್ಕೆ 12 ಆಂಪಿಯರ್-ಗಂಟೆ. ನೂರರ ಬ್ಯಾಟರಿ ನಾಲ್ಕು ದಿನಕ್ಕೆ ಅರ್ಧ ಕಾಲಿ. ಮೇಲೆ ಸೋಲಾರ್ ಇದೆಯಲ್ಲ ಅಂದರೆ, ಸಿಲ್ವರ್ ಓಕಿನ ನೆರಳಲ್ಲಿ, ಆಷಾಢದ ಮೋಡದಲ್ಲಿ ಸೋಲಾರ್ ಏನು ಕೊಟ್ಟೀತು? ಲೆಡ್ ಬ್ಯಾಟರಿಯನ್ನು ಬರಿದಾಗಿಯೇ ವಾರಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟು ಗಟ್ಟಿಯಾಗಿ, ಮತ್ತೆ ಚಾರ್ಜನ್ನು ಹಿಡಿಯದು. ವ್ಯಾನು ನಿಲ್ಲಿಸಿ ಊರಿಗೆ ಹೋಗುವವರು ಮೈನಸ್ ವೈರು ಬಿಚ್ಚಿಟ್ಟು ಹೋಗುವುದು ಲೇಸು.

ಬ್ಯಾಟರಿ ಸರಿಯಿದ್ದೂ ದೀಪ ಮಿಣುಕಿದರೆ ಮೈನಸ್ ವೈರನ್ನು ಚಾಸಿಗೆ ಬಿಗಿದ ಬೋಲ್ಟು ನೋಡಿ. ಮೂಡಿಗೆರೆಯ ಮಳೆಗೆ ಬಾಗಿಲ ಚಿಲಕವೇ ತುಕ್ಕು ಹಿಡಿಯುವಾಗ ಇದೇನು ಮಹಾ! ಪಂಪು, ದೀಪ ಎಲ್ಲ ಹಾಕಿ, ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಚಾಸಿಗೆ ಇಟ್ಟಾಗ ಅರ್ಧ ವೋಲ್ಟು ಕಂಡರೆ ಕಳ್ಳ ಸಿಕ್ಕಿದ. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದರೆ ಆಯಿತು. ಫ್ಯೂಸ್ ಹೋಗಿದ್ದರೆ ಅಷ್ಟೇ ಆಂಪಿಯರಿನದು ಹಾಕಬೇಕು. ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತುವ ಜಾಣರಿದ್ದಾರೆ. ಇಲಿ ಕಡಿದ ವೈರು ಪ್ಯಾನೆಲ್ಲಿನ ಹಿಂದೆ ಶಾರ್ಟ್ ಆಗಿದ್ದರೆ ಆ ಹಾಳೆ ಉರಿಯುವ ಮೊದಲು ವ್ಯಾನೇ ಉರಿದೀತು.

ಇದುವರೆಗಿನದ್ದು ಕತ್ತಲಿನ ಮಾತು. ಇನ್ನು ಜೀವದ ಮಾತು.

ಕಣದ ಪ್ಲಗ್ಗಿನಿಂದ ವ್ಯಾನಿಗೆ 50 ಮೀಟರ್ ವೈರು ಎಳೆಯುತ್ತಾರೆ. ಒಂದು ಚದರ ಮಿಲಿಮೀಟರಿನ ಸಪೂರ ವೈರಿನಲ್ಲಿ 2000 ವಾಟಿನ ಹೀಟರು ಹಚ್ಚಿದರೆ ದಾರಿಯಲ್ಲೇ ಹದಿನೈದು ವೋಲ್ಟು ಕರಗುತ್ತೆ. ಸುರುಳಿ ಬಿಚ್ಚದೆ ಬಿಟ್ಟರೆ ವೈರಿನ ಸಿಪ್ಪೆಯೂ ಕರಗುತ್ತೆ. ಹೂಮಳೆ ಕೈಕೊಟ್ಟು ತೋಟಗಳಲ್ಲೆಲ್ಲ ಸ್ಪ್ರಿಂಕ್ಲರ್ ಪಂಪು ಓಡುವ ಫೆಬ್ರವರಿ, ಮಾರ್ಚಿನಲ್ಲಿ ಮೊದಲೇ ಸೊರಗಿದ ವೋಲ್ಟೇಜು ಇನ್ನಷ್ಟು ಇಳಿದು, ಚಾರ್ಜರು ಮುಷ್ಕರ ಹೂಡಿದರೆ ಆಶ್ಚರ್ಯವಿಲ್ಲ.

ಅದಕ್ಕಿಂತ ಕೆಟ್ಟದ್ದು ಎರಡೇ ಎಳೆಯ ವೈರು. ಮೂರನೆಯ ಎಳೆ, ಅಂದರೆ ಅರ್ತ್, ಇಲ್ಲವೇ ಇಲ್ಲ. ವ್ಯಾನು ನಿಂತಿರುವುದು ರಬ್ಬರ್ ಟೈರಿನ ಮೇಲೆ. ಗೀಸರಿನ ಕಾಯಿಲ್ ಒಡೆದೋ, ನೀರು ಇಳಿದೋ ಫೇಸು ಬಾಡಿಗೆ ತಾಗಿದರೆ ಅದು ನೆಲಕ್ಕಿಳಿಯಲು ದಾರಿಯಿಲ್ಲ. ಇಡೀ ತಗಡೇ 230 ವೋಲ್ಟಾಗಿ ಸುಮ್ಮನೆ ಕಾಯುತ್ತೆ. ಒಳಗಿದ್ದವರಿಗೆ ಏನೂ ಗೊತ್ತಾಗದು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿ ಮುಟ್ಟಿದವರ ಮೈಯೇ ಆಗ ಅರ್ತ್ ವೈರು. ಬೆಳಗ್ಗೆ ಕಾಫಿ ತಂದುಕೊಡುವ ಆಳಿನ ಪಾಡು ಯೋಚಿಸಿ.

ವ್ಯಾನಿನ ಬಾಡಿ ಜುಮ್ಮೆಂದರೆ, ಇಲ್ಲವೇ ತಗಡಿಗೆ ಇಟ್ಟ ಟೆಸ್ಟರ್ ಹೊಳೆದರೆ, ಪರೀಕ್ಷೆ ಮುಂದುವರಿಸಬಾರದು. ವ್ಯಾನಿನ ತಂಟೆಗೆ ಹೋಗದೆ ಮೊದಲು ತೋಟದ ಕಡೆಯ ಮೇನ್ ಸ್ವಿಚ್ಚು ಇಳಿಸಬೇಕು.

ಇದನ್ನು ತಡೆಯೋದಕ್ಕೇ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅನ್ನುವ ಸ್ವಿಚ್ಚಿದೆ. ಹೋದಷ್ಟು ಕರೆಂಟು ವಾಪಸು ಬಾರದಿದ್ದರೆ ಕ್ಷಣದಲ್ಲಿ ಬೀಳುತ್ತೆ. ಅದು ಪದೇ ಪದೇ ಬಿದ್ದರೆ ಒಳಗಿನ ಸಾಮಾನೆಲ್ಲ ಪ್ಲಗ್ಗಿನಿಂದ ಕಿತ್ತು, ಒಂದೊಂದೇ ಹಾಕಿ ನೋಡಿದರೆ ತಪ್ಪಿತಸ್ಥ ಸಿಗುತ್ತಾನೆ. ಹೆಚ್ಚಿನಂಶ ಅದು ಗೀಸರೇ. ಆದರೆ ನಡೆಯುವುದೇನು? "ಸುಮ್ನೆ ಕಿರಿಕಿರಿ" ಅಂತ ಅರ್ತ್ ಎಳೆಯನ್ನೇ ಕತ್ತರಿಸುತ್ತಾರೆ, ಇಲ್ಲವೇ ಸ್ವಿಚ್ಚನ್ನೇ ಬೈಪಾಸ್ ಮಾಡುತ್ತಾರೆ. ರಿಪೇರಿ ಹೆಸರಿನಲ್ಲಿ ನಡೆಯುವ ಕೊಲೆಗಡುಕತನ ಇದು.

ಕ್ಯಾರವಾನಿಗೆ ಜಾಗ ಕೊಟ್ಟು ಬಾಡಿಗೆ ಎಣಿಸುವ ತೋಟದವರು ಮಳೆ ತಾಗದ 16 ಆಂಪಿಯರ್ ಪಾಯಿಂಟು, ಎರಡೂವರೆ ಚದರದ ಮೂರೆಳೆ ವೈರು, ಅದಕ್ಕೊಂದು ಆರ್‌ಸಿಸಿಬಿ, ಸರಿಯಾದ ಅರ್ತ್ ಗುಂಡಿ ಇಷ್ಟಾದರೂ ಮಾಡಿಸಬೇಕು. ಬೇಸಿಗೆಯಲ್ಲಿ ಒಣಗುವ ಆ ಗುಂಡಿಗೆ ಆಗಾಗ ನಾಲ್ಕು ಕೊಡ ನೀರು ಹೊಯ್ಯಬೇಕು. ಹಳೇ ತೋಟಗಳಲ್ಲಿ ಪಂಪ್‌ಹೌಸಿನ ಅರ್ತಿಗೆ ಹೀಗೆ ನೀರು ಹೊಯ್ಯುವವರು ಈಗಲೂ ಇದ್ದಾರೆ.