ಗುಳಿಗೆ ಬಿಡುವುದೂ ಚಿಕಿತ್ಸೆಯ ಭಾಗವೇ

ರೋಗ ಬಂದಾಗ ಔಷಧ ತೆಗೆದುಕೊಳ್ಳಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ವರ್ಷಗಟ್ಟಲೆ ತೆಗೆದುಕೊಂಡ ಔಷಧವನ್ನು ಬಿಡುವುದು ಹೇಗೆಂದು ತಿಳಿದವರು ಕಡಿಮೆ. "ಈಗ ಆರಾಮ ಆಗೇದ, ಇನ್ನ್ಯಾಕ ಗುಳಿಗಿ?" ಎಂಬ ಮಾತು ನಮ್ಮ ಯೆಣೆಗೂರಿನಂಥ ಊರುಗಳಲ್ಲಿ ಮನೆಮನೆಯಲ್ಲೂ ಕೇಳಿಬರುತ್ತದೆ. ಆ ಆರಾಮ ಗುಳಿಗೆಯಿಂದಲೇ ಬಂದಿರಬಹುದು ಎಂಬುದನ್ನು ನಾವು ಮರೆಯುತ್ತೇವೆ. ಮೂರ್ಛೆರೋಗವನ್ನೇ, ಅಂದರೆ ಫಿಟ್ಸನ್ನೇ, ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ವಿಚಾರ ಮಾಡೋಣ.

ನಮ್ಮ ಮೆದುಳಿನ ಜೀವಕೋಶಗಳು ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಕೆಲಸ ಮಾಡುತ್ತವೆ. ಈ ಸಂಕೇತಗಳು ಒಮ್ಮೆಲೇ ಹದ್ದುಮೀರಿ ಹರಡಿದಾಗ ಫಿಟ್ಸ್ ಬರುತ್ತದೆ. ಇದು ದೆವ್ವದ ಕಾಟವೂ ಅಲ್ಲ, ಅಂಟುರೋಗವೂ ಅಲ್ಲ. ೧೯೧೨ರಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟೋನ್ ಎಂಬ ಅಗ್ಗದ ಗುಳಿಗೆಯು ಈ ಉದ್ರೇಕವನ್ನು ತಣಿಸುತ್ತದೆ. ಇಂದು ಬೇರೆ ಔಷಧಗಳೂ ಇವೆ. ೧೯೮೦ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಮಾನಸಿಕ ರೋಗ ಮತ್ತು ಮೂರ್ಛೆರೋಗಗಳಿಗೆ ಹಳ್ಳಿಗರ ಹತ್ತಿರದಲ್ಲೇ ಚಿಕಿತ್ಸೆ ದೊರೆಯುವಂತೆ ಮಾಡಿತು. ದೊಡ್ಡ ಪಟ್ಟಣಕ್ಕೆ ಹೋಗದೆಯೂ ಈ ರೋಗವನ್ನು ಹತೋಟಿಯಲ್ಲಿಡಬಹುದೆಂದು ಅದರಿಂದ ತಿಳಿಯಿತು.

ಹಾಗಾದರೆ ಗುಳಿಗೆಯನ್ನು ತಟ್ಟನೆ ನಿಲ್ಲಿಸಿದರೆ ಏನಾಗುತ್ತದೆ? ದಿನವೂ ಬರುವ ಔಷಧಕ್ಕೆ ಮೆದುಳು ಹೊಂದಿಕೊಂಡಿರುತ್ತದೆ. ಹೇರು ತುಂಬಿದ ಗಾಡಿ ಇಳಿಜಾರಿನಲ್ಲಿ ಬರುವಾಗ ಎತ್ತುಗಳು ಅದನ್ನು ತಡೆದು ತಡೆದು ಇಳಿಸುತ್ತವೆ. ನಡುವೆಯೇ ಎತ್ತು ಬಿಚ್ಚಿದರೆ ಗಾಡಿಯ ಗತಿ ಏನು? ಹಾಗೆಯೇ ಔಷಧ ಒಮ್ಮೆಲೇ ನಿಂತರೆ, ಅಡಗಿದ್ದ ಉದ್ರೇಕ ಮೊದಲಿಗಿಂತ ಜೋರಾಗಿ ಮರುಕಳಿಸಬಹುದು. ಒಂದರ ಹಿಂದೊಂದು ಫಿಟ್ಸ್ ಬಂದು, ನಡುವೆ ಎಚ್ಚರವೇ ಆಗದೆ ಪ್ರಾಣಕ್ಕೇ ಅಪಾಯ ಒದಗಬಹುದು. ಐದು ನಿಮಿಷ ಮೀರಿದ ಫಿಟ್ಸ್ ತುರ್ತು ಸ್ಥಿತಿ. ಆಗ ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಲ್ಲಿ ಏನನ್ನೂ ತುರುಕದೆ, ೧೦೮ಕ್ಕೆ ಕರೆ ಮಾಡಬೇಕು.

ಹಾಗೆಂದ ಮಾತ್ರಕ್ಕೆ ಗುಳಿಗೆ ಜನ್ಮವಿಡೀ ಬೇಕೆಂದಲ್ಲ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದು ೧೯೯೧ರಲ್ಲಿ ಪ್ರಕಟವಾಯಿತು. ಕನಿಷ್ಠ ಎರಡು ವರ್ಷ ಫಿಟ್ಸ್ ಬಾರದಿದ್ದ ೧,೦೧೩ ಜನರನ್ನು ಅದರಲ್ಲಿ ಎರಡು ಗುಂಪು ಮಾಡಲಾಗಿತ್ತು. ಮುಂದಿನ ಎರಡು ವರ್ಷಗಳಲ್ಲಿ, ಔಷಧ ಮುಂದುವರಿಸಿದವರಲ್ಲಿ ನೂರಕ್ಕೆ ೭೮ ಜನರಿಗೂ, ನಿಧಾನವಾಗಿ ಬಿಟ್ಟವರಲ್ಲಿ ನೂರಕ್ಕೆ ೫೯ ಜನರಿಗೂ ಫಿಟ್ಸ್ ಬರಲಿಲ್ಲ. ಅಂದರೆ ಬಿಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಚೆನ್ನಾಗಿಯೇ ಉಳಿದರು. ಆದರೆ ಮರುಕಳಿಸುವ ಭಯವೂ ಹೆಚ್ಚಿತು. ತಾನು ಯಾವ ಗುಂಪಿಗೆ ಸೇರುವೆನೆಂಬುದನ್ನು ರೋಗಿ ತಾನೇ ಊಹಿಸಲಾರ. ರೋಗದ ಕಾರಣ, ವಯಸ್ಸು, ಮೆದುಳಿನ ಪರೀಕ್ಷೆ ಇವನ್ನೆಲ್ಲ ನೋಡಿ ವೈದ್ಯರೇ ಸಲಹೆ ಕೊಡಬೇಕು.

ಬಿಡುವ ಕ್ರಮವೂ ಉಂಟು. ಎರಡು ಔಷಧಗಳಿದ್ದರೆ ಒಮ್ಮೆಗೆ ಒಂದನ್ನೇ ಇಳಿಸುತ್ತಾರೆ. ಪ್ರಮಾಣವನ್ನು ಹಂತಹಂತವಾಗಿ ಕಡಿಮೆ ಮಾಡುತ್ತ ಸಾಮಾನ್ಯವಾಗಿ ಕನಿಷ್ಠ ಮೂರು ತಿಂಗಳು ತೆಗೆದುಕೊಳ್ಳುತ್ತಾರೆ. ಫಿನೋಬಾರ್ಬಿಟೋನಿಗೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಈ ಅವಧಿಯಲ್ಲಿ ಬಾವಿಯಲ್ಲಿ ಈಜುವುದು, ಮರ ಹತ್ತುವುದು, ಮೋಟಾರು ಸೈಕಲ್ ನಡೆಸುವುದು ಬೇಡ. ನಿದ್ದೆಗೆಡಬಾರದು. ಯಾವ ದಿನ ಎಷ್ಟು ಗುಳಿಗೆ, ಏನು ತೊಂದರೆ ಎಂಬುದನ್ನು ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ಫಿಟ್ಸ್ ಮರಳಿ ಬಂದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ದಮ್ಮು, ಕೀಲುನೋವುಗಳಿಗೆ ಕೊಡುವ ಸ್ಟಿರಾಯ್ಡ್ ಗುಳಿಗೆಗಳ ಕಥೆಯೂ ಇಂಥದೇ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ಉತ್ಪಾದಿಸುತ್ತವೆ. ವಾರಗಟ್ಟಲೆ ಅದು ಹೊರಗಿನಿಂದಲೇ ಬಂದರೆ ಗ್ರಂಥಿಗಳು ಕೆಲಸ ಮರೆಯುತ್ತವೆ. ತಟ್ಟನೆ ನಿಲ್ಲಿಸಿದರೆ ನಿಶ್ಶಕ್ತಿ, ವಾಂತಿ ಬಂದು ರಕ್ತದೊತ್ತಡ ಅಪಾಯಕರವಾಗಿ ಇಳಿಯಬಹುದು. ಎಲ್ಲ ಔಷಧಗಳಿಗೂ ಇದೇ ನಿಯಮವೆಂದಲ್ಲ. ಕ್ಷಯದ ಔಷಧವನ್ನು ಮೆಲ್ಲಗೆ ಇಳಿಸುವುದಿಲ್ಲ; ಹೇಳಿದ ಅವಧಿಯನ್ನು ಪೂರ್ತಿ ಮಾಡಬೇಕು. ರಕ್ತದೊತ್ತಡದ ಗುಳಿಗೆ ಎಷ್ಟೋ ಜನರಿಗೆ ಕೊನೆಯವರೆಗೂ ಬೇಕಾಗುತ್ತದೆ. ಆದ್ದರಿಂದ ನೆರೆಮನೆಯವರನ್ನು ನೋಡಿ ನಮ್ಮ ಗುಳಿಗೆಯನ್ನು ನಿಲ್ಲಿಸಲಾಗದು.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಮರಾಠವಾಡದಿಂದ ಕಬ್ಬು ಕಡಿಯಲು ತಿಂಗಳುಗಟ್ಟಲೆ ಹೊರಗೆ ಹೋಗುವ ಕುಟುಂಬಗಳು, ಹೊರಡುವ ಮುನ್ನ ಸಾಕಷ್ಟು ಗುಳಿಗೆಗಳನ್ನೂ ವೈದ್ಯರ ಚೀಟಿಯನ್ನೂ ಜೊತೆಗಿಟ್ಟುಕೊಳ್ಳಬೇಕು. ಮದುವೆ ಗೊತ್ತಾದ ಮಗಳ ಗುಳಿಗೆಯನ್ನು ಜನರ ಮಾತಿಗೆ ಅಂಜಿ ಗುಟ್ಟಾಗಿ ನಿಲ್ಲಿಸಬಾರದು. ಫಿಟ್ಸಿನ ಕೆಲವು ಔಷಧಗಳು ಗರ್ಭದ ಶಿಶುವಿಗೆ ಹಾನಿ ಮಾಡುತ್ತವೆ ಎಂಬುದು ನಿಜ; ಅದಕ್ಕಾಗಿಯೇ ಮೊದಲೇ ವೈದ್ಯರನ್ನು ಕಂಡು ಔಷಧ ಬದಲಿಸಿಕೊಳ್ಳಬೇಕು. ಉಮರ್ಗಾದ ದವಾಖಾನೆಗಾಗಲಿ ಸೊಲ್ಲಾಪುರಕ್ಕಾಗಲಿ ಹೋದಾಗ ಹಳೆಯ ಚೀಟಿ, ಗುಳಿಗೆಯ ಪಟ್ಟಿ ಎರಡನ್ನೂ ತೋರಿಸಿ. ಮಾತು ತಿಳಿಯದಿದ್ದರೆ ಮತ್ತೊಮ್ಮೆ ಕೇಳಿ. ಮನೆಯಲ್ಲಿ ಕನ್ನಡ, ಊರಲ್ಲಿ ಮರಾಠಿ, ಚೀಟಿಯಲ್ಲಿ ಇಂಗ್ಲಿಷ್ ಇರುವ ನಮ್ಮ ಕಡೆ, ಅದನ್ನು ಓದಿ ಅಜ್ಜ-ಅಜ್ಜಿಯರಿಗೆ ತಿಳಿಸಿ ಹೇಳುವ ಕೆಲಸವನ್ನು ವಿದ್ಯಾರ್ಥಿಗಳು ಮಾಡಬಹುದು.

ಗುಳಿಗೆ ಬೇಡವೆನಿಸಿದರೆ ಹಾಗೆಂದು ವೈದ್ಯರಿಗೇ ಹೇಳೋಣ. ಅದರಲ್ಲಿ ನಾಚಿಕೆಯಿಲ್ಲ. ಆರಂಭಿಸುವಾಗ ಅವರನ್ನು ಕೇಳಿದ ನಾವು, ಬಿಡುವಾಗಲೂ ಅವರನ್ನೇ ಕೇಳಿ ಬಿಡೋಣ.